ಕುಶಲಕ್ಕನ ಎದೆಯ ಒತ್ತಡ

ಕುಶಲಾ ಅವರನ್ನು ಆಸ್ಪತ್ರೆಗೆ ಕರೆತಂದಾಗ ಅವರಿಗೆ ಮಾತಾಡುವಷ್ಟು ಉಸಿರು ಇನ್ನೂ ಇತ್ತು. ಆದರೂ ಅವರು ಮಾತಾಡಲಿಲ್ಲ. ಸ್ಟ್ರೆಚರಿನ ಮೇಲೆ ಎದ್ದು ಕೂತು ಒಂದು ಕೈಯಿಂದ ಅದರ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಿಂದ ಸೆರಗನ್ನು ಮತ್ತೆ ಮತ್ತೆ ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಉಸಿರಿಗಾಗಿ ಒದ್ದಾಡುವ ಹೊತ್ತಿನಲ್ಲೂ ಮೈ ಮುಚ್ಚಿಕೊಳ್ಳುವ ಆ ಅವಸರ ಡಾಕ್ಟರ್ ಶರೊನ್ ಅವರ ಮನಸ್ಸಿಗೆ ಚುಚ್ಚಿತು.

ಶರೊನ್ ಆ ಆಸ್ಪತ್ರೆಯ ಐಸಿಯು ವೈದ್ಯೆ. ಬಲ್ಮಠದ ಮನೆಯಿಂದ ಬೆಳಿಗ್ಗೆ ನಡೆದೇ ಬರುವವಳು. ಕುಶಲಾ ಕಾವೂರಿನವರು. ಗಂಡ ಚಿತ್ತರಂಜನ ಅವರ ಜೊತೆ ಅಲ್ಲಿ ಊಟದ ಹೋಟೆಲು ನಡೆಸುತ್ತಾರೆ. ಗಲ್ಲಾದ ಮುಂದೆ ಗಂಡ, ಅಡುಗೆಮನೆಯ ಯಜಮಾನಿಕೆ ಹೆಂಡತಿಯದು. ವಯಸ್ಸು ಐವತ್ತು ದಾಟಿದೆ, ಮೈ ಬಹಳ ದಪ್ಪ. ಮಳೆಗಾಲದಲ್ಲಿ ಊರಿಗೆಲ್ಲ ಹಬ್ಬಿದ ಫ್ಲೂ ಜ್ವರ ಅವರಲ್ಲಿ ನ್ಯುಮೋನಿಯಾಕ್ಕೆ ತಿರುಗಿತ್ತು. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣಬೇಕಿದ್ದ ಶ್ವಾಸಕೋಶಗಳೆರಡೂ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದ್ದವು. ಅದೇ ಸಂಜೆ ಅವರಿಗೆ ನಿದ್ದೆಯ ಔಷಧ ಕೊಟ್ಟು, ಗಂಟಲಿಗೆ ನಳಿಕೆ ಇಳಿಸಿ, ವೆಂಟಿಲೇಟರಿಗೆ ಜೋಡಿಸಬೇಕಾಯಿತು.

ಮೊದಲೆರಡು ದಿನ ಹೇಗೋ ಕಳೆಯಿತು. ಆಮೇಲೆ ರಕ್ತದ ಆಮ್ಲಜನಕ ಇಳಿಯುತ್ತಲೇ ಹೋಯಿತು. ಆರು ಜನ ಸೇರಿ ಅವರನ್ನು ಬೋರಲು ಮಲಗಿಸಿದರು. ಸ್ವಲ್ಪ ಏರಿತು. ಅಂಗಾತ ತಿರುಗಿಸಿದ್ದೇ ತಡ, ಮತ್ತೆ ಇಳಿಯಿತು.

ತೊಂದರೆ ಇದ್ದದ್ದು ವೆಂಟಿಲೇಟರಿನ ಪರದೆಯ ಮೇಲಿನ ಒಂದು ಸಂಖ್ಯೆಯಲ್ಲಿ. ಉಸಿರು ಒಳಗೆ ತುಂಬಿದಾಗ ಗಾಳಿಯ ಒತ್ತಡ ಮೂವತ್ತನ್ನು ದಾಟಬಾರದು ಎಂಬುದು ಐಸಿಯುಗಳಲ್ಲಿ ಎಲ್ಲರೂ ಪಾಲಿಸುವ ಮಿತಿ. ದಾಟಿದರೆ ಮೊದಲೇ ಸೋತ ಶ್ವಾಸಕೋಶ ಹಿಗ್ಗಿ ಗಾಯವಾಗುತ್ತದೆ. ಕುಶಲಾ ಅವರದ್ದು ಆಗಲೇ ಮೂವತ್ತಮೂರು ತೋರಿಸುತ್ತಿತ್ತು.

"ಇನ್ನು ಎಂತ ಮಾಡುವುದು ಹೇಳು," ಎಂದರು ಐಸಿಯು ಮುಖ್ಯಸ್ಥ ಡಾಕ್ಟರ್ ಅಶ್ವಿತ್, ಹಾಸಿಗೆಯ ಕಾಲ ಬಳಿ ನಿಂತು. "ಒತ್ತಡ ಏರಿಸಿದ್ರೆ ಲಂಗ್ಸ್ ಹಾಳಾಗ್ತದೆ, ಹೀಗೇ ಬಿಟ್ರೆ ಆಕ್ಸಿಜನ್ ಸಾಲುವುದಿಲ್ಲ. ರಕ್ತವನ್ನು ಹೊರಗೆ ತೆಗೆದು ಆಕ್ಸಿಜನ್ ಕೊಡುವ ಮಿಷನ್ ನಮ್ಮಲ್ಲಿಲ್ಲ. ಬೇರೆ ಕಡೆ ಕಳಿಸುವ ಅಂದ್ರೆ ಆಂಬುಲೆನ್ಸಿನಲ್ಲಿ ಉಳೀತಾರೆ ಅಂತ ನನಗೆ ಧೈರ್ಯ ಇಲ್ಲ."

"ಸರ್, ಈ ಮೂವತ್ತಮೂರರಲ್ಲಿ ಲಂಗ್ಸಿಗೆ ಬೀಳುವುದು ಎಷ್ಟು, ಎದೆಯ ಭಾರವನ್ನು ಎತ್ತಲಿಕ್ಕೆ ಹೋಗುವುದು ಎಷ್ಟು ಅಂತ ನಮಗೆ ಗೊತ್ತಿಲ್ಲ. ಅನ್ನನಾಳದ ಒತ್ತಡ ನೋಡುವ," ಎಂದಳು ಶರೊನ್.

ಅಶ್ವಿತ್ ಪರದೆಯಿಂದ ಅವಳ ಕಡೆ ತಿರುಗಿದರು. "ನಾನೂ ಹಿಂದೆ ಒಂದೆರಡು ಸಲ ಅದರ ನಳಿಕೆ ಹಾಕಿದ್ದೇನೆ. ಸಿಕ್ಕಿದ ನಂಬರು ನಂಬಬೇಕಾ ಬೇಡ್ವಾ ಅಂತ ಗೊತ್ತಾಗಲಿಲ್ಲ. ನೀನು ಟ್ರೈನಿಂಗಿನಲ್ಲಿ ಸುಮಾರು ಮಾಡಿದ್ದಿ ಅಲ್ವಾ? ಮಾಡುವ. ಆದ್ರೆ ಸರಿಯಾಗಿ ಮಾಡುವ."

ಮನೆಯವರೊಂದಿಗೆ ಮಾತಾಡುವ ಸಣ್ಣ ಕೋಣೆಯಲ್ಲಿ ಚಿತ್ತರಂಜನ ಮತ್ತು ಮಗಳು ಸಂಚಿತಾ ಕೂತಿದ್ದರು. ಸಂಚಿತಾ ಬಲ್ಮಠದಲ್ಲೇ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ಕೆಲವು ದಿನಗಳಿಂದ ಒಂದೇ ಚೂಡಿದಾರದಲ್ಲಿ ಓಡಾಡುತ್ತಿದ್ದವಳ ಕಣ್ಣು ಕೆಂಪಾಗಿತ್ತು. ಶರೊನ್ ಎದುರಿಗೆ ಕುರ್ಚಿ ಎಳೆದು ಕೂತು, ಮೂಗಿನಿಂದ ಒಂದು ತೆಳು ನಳಿಕೆಯನ್ನು ಅನ್ನನಾಳಕ್ಕೆ ಇಳಿಸಬೇಕೆಂದಿದ್ದೇವೆ ಎಂದು ಹೇಳಿದಳು.

"ಅದರಿಂದ ಅಮ್ಮ ಗುಣ ಆಗ್ತಾರಾ?" ಸಂಚಿತಾಳ ದನಿ ಗಡುಸಾಗಿತ್ತು.

"ಅದರಿಂದಲೇ ಗುಣ ಆಗುವುದಿಲ್ಲ. ಅದು ಅಳೆಯುವ ಸಾಧನ ಅಷ್ಟೆ. ನಳಿಕೆಯ ತುದಿಯಲ್ಲಿ ಒಂದು ಸಪೂರ ಬಲೂನು ಉಂಟು. ಅನ್ನನಾಳ ಶ್ವಾಸಕೋಶದ ಪಕ್ಕದಲ್ಲೇ ಇಳಿಯುವುದಲ್ವಾ, ಶ್ವಾಸಕೋಶವನ್ನು ಹೊರಗಿನಿಂದ ಎಷ್ಟು ಒತ್ತುತ್ತಾ ಉಂಟು ಅಂತ ಆ ಬಲೂನು ಹೇಳ್ತದೆ. ಒಳಗಿನ ಒತ್ತಡ ಮಿಷನ್ ತೋರಿಸ್ತದೆ. ಒಂದರಲ್ಲಿ ಒಂದನ್ನು ಕಳೆದ್ರೆ ಶ್ವಾಸಕೋಶ ನಿಜವಾಗಿ ತಾಳಿಕೊಳ್ಳುವುದು ಎಷ್ಟು ಅಂತ ಸಿಗ್ತದೆ. ಅದು ಗೊತ್ತಾದ್ರೆ ಮಿಷನ್ ಏರಿಸಬೇಕಾ ಇಳಿಸಬೇಕಾ ಅಂತ ತೀರ್ಮಾನ ಮಾಡಬಹುದು."

"ಹೊರಗಿನಿಂದ ಒತ್ತುವುದು ಅಂದ್ರೆ ಅಮ್ಮನ ತೂಕ. ಹೌದಲ್ಲ?"

"ಅದೂ ಒಂದು," ಎಂದಳು ಶರೊನ್.

ಸಂಚಿತಾ ಮುಂದಕ್ಕೆ ಬಾಗಿದಳು. "ಅಮ್ಮ ಯಾಕೆ ಬೇಗ ಬರಲಿಲ್ಲ ಗೊತ್ತುಂಟಾ ಮೇಡಂ? ಕಾಲು ನೋವು ಅಂತ ಹೋದ್ರೆ ತೂಕ ಇಳಿಸಿ. ಕಿವಿ ನೋವು ಅಂತ ಹೋದ್ರೂ ತೂಕ ಇಳಿಸಿ. ಈ ಸಲ ಜ್ವರ ಬಂದಾಗ ನಾನು ಎಷ್ಟು ಕರೆದ್ರೂ ಬರಲಿಲ್ಲ. ಅಲ್ಲಿ ಹೋಗಿ ಬೈಸಿಕೊಳ್ಳುವುದಕ್ಕಿಂತ ಇಲ್ಲೇ ಕಷಾಯ ಕುಡಿಯುತ್ತೇನೆ ಅಂದ್ರು. ಉಸಿರು ಕಟ್ಟುವವರೆಗೆ ಅಡುಗೆಮನೆಯಲ್ಲೇ ಇದ್ರು."

ಚಿತ್ತರಂಜನ ನೆಲ ನೋಡುತ್ತಿದ್ದರು. "ನಾನೂ ತಮಾಷೆ ಮಾಡ್ತಿದ್ದೆ, ಗಿರಾಕಿಗಳ ಎದುರು," ಎಂದರು ಮೆಲ್ಲಗೆ. "ನಗ್ತಿದ್ಲು. ನಗ್ತಾಳಲ್ಲ ಅಂತ ನಾನು ಎಣಿಸಿದ್ದು."

ಶರೊನ್ ಅವರ ಕಡೆ ತಿರುಗಿದಳು. ಸಮಾಧಾನದ ಮಾತು ಆಡಿದರೆ ಅದು ಹುಸಿಯಾಗುತ್ತಿತ್ತು. "ನಿಮಗೆ ಒಪ್ಪಿಗೆಯಾದ್ರೆ ಈಗಲೇ ಹಾಕ್ತೇವೆ. ಏನು ಸಿಕ್ಕಿತು ಅಂತ ನಾನೇ ಬಂದು ಹೇಳ್ತೇನೆ, ಒಳ್ಳೇದಿದ್ರೂ ಕೆಟ್ಟದಿದ್ರೂ," ಎಂದಳು.

ತಂದೆ ಮಗಳ ಮುಖ ನೋಡಿದರು. ಮಗಳು ತಲೆಯಾಡಿಸಿದಳು.

ನಳಿಕೆ ಇಳಿಸುವುದು ಕಷ್ಟವಾಗಲಿಲ್ಲ. ನರ್ಸ್ ಜೋಯೆಲ್ ಹಾಸಿಗೆಯ ತಲೆಭಾಗವನ್ನು ಸ್ವಲ್ಪ ಎತ್ತಿದ. ಶರೊನ್ ಮೊದಲು ಬಲೂನನ್ನು ಹೊಟ್ಟೆಯವರೆಗೆ ಇಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಮೃದುವಾಗಿ ಒತ್ತಿದಳು. ಪರದೆಯ ಗೆರೆ ಜಿಗಿಯಿತು. ಅಲ್ಲಿಂದ ಮೆಲ್ಲಮೆಲ್ಲಗೆ ಮೇಲಕ್ಕೆ ಎಳೆಯುತ್ತ ಬಂದಳು. ಗೆರೆಯ ಮೇಲೆ ಹೃದಯದ ಬಡಿತ ಸಣ್ಣ ಅಲೆಗಳಾಗಿ ಮೂಡಿದಾಗ ನಿಲ್ಲಿಸಿದಳು. ಬಲೂನು ಹೃದಯದ ಹಿಂದೆ, ಅನ್ನನಾಳದ ಕೆಳಭಾಗದಲ್ಲಿ ಬಂದು ಕೂತಿದೆ ಎಂದರ್ಥ. ಸಿರಿಂಜಿನಿಂದ ಅದಕ್ಕೆ ಸ್ವಲ್ಪ ಗಾಳಿ ತುಂಬಿ, ಸಂಖ್ಯೆ ಓದಿದಳು.

ಒಂಬತ್ತು.

ಅಶ್ವಿತ್ ಮನಸ್ಸಿನಲ್ಲೇ ಕಳೆದು ನೋಡಿ ಮುಖ ಸಣ್ಣಗೆ ಮಾಡಿದರು. ಹೊರಗಿನ ಒತ್ತಡ ಇಷ್ಟು ಕಡಿಮೆಯಾದರೆ ಯಂತ್ರ ತಳ್ಳುವುದರಲ್ಲಿ ಹೆಚ್ಚಿನ ಪಾಲು ಶ್ವಾಸಕೋಶದ ಮೇಲೆಯೇ ಬೀಳುತ್ತಿದೆ ಎಂದಾಯಿತು. ಹಾಗಾದರೆ ಏರಿಸುವ ಮಾತಿಲ್ಲ, ಇನ್ನೂ ಇಳಿಸಬೇಕು. ಇಳಿಸಿದರೆ ಆಮ್ಲಜನಕ ಸಾಲುವುದೆಲ್ಲಿ?

"ಆಯ್ತಲ್ಲ," ಎಂದರು ಅವರು. "ಉತ್ತರ ಸಿಕ್ಕಿತು."

ಶರೊನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಗೆರೆ ತೀರ ಸಪ್ಪೆಯಾಗಿತ್ತು. ಇಷ್ಟು ಭಾರದ ಎದೆಯಲ್ಲಿ ಒಂಬತ್ತೇ? ಅವಳಿಗೆ ಅನುಮಾನ ಬಂತು. ಕೂಡಲೇ ಆ ಅನುಮಾನದ ಮೇಲೂ ಅನುಮಾನ ಬಂತು. ತನಗೆ ಬೇಕಾಗಿದ್ದದ್ದು ದೊಡ್ಡ ಸಂಖ್ಯೆ. ಅದು ಸಿಗಲಿಲ್ಲವೆಂದು ಸಾಧನವನ್ನು ದೂರುತ್ತಿದ್ದೇನೆಯೆ? ಇಪ್ಪತ್ತು ಎಂದು ಬಂದಿದ್ದರೆ ಪರೀಕ್ಷೆ ಮಾಡದೆಯೇ ಸಂತೋಷಪಟ್ಟು ಹೊರಗೆ ಓಡುತ್ತಿದ್ದೆನಲ್ಲವೆ?

"ಸರ್, ನಂಬುವ ಮೊದಲು ಇದು ಸರಿ ಉಂಟಾ ನೋಡುವ. ಜೋಯೆಲ್, ಅವರು ಉಸಿರು ಬಿಟ್ಟ ಕೊನೆಗೆ ನಾನು ಮಿಷನ್ ತಡೆದು ಹಿಡೀತೇನೆ. ನೀನು ಆಗ ಎದೆಯ ಎರಡೂ ಬದಿಯಲ್ಲಿ ಕೈಯಿಟ್ಟು ಮೆಲ್ಲಗೆ ಒತ್ತು. ಜೋರಾಗಿ ಬೇಡ."

ಗಾಳಿಗೆ ಒಳಬರಲು ದಾರಿಯಿಲ್ಲ, ಹೊರಹೋಗಲೂ ದಾರಿಯಿಲ್ಲ. ಅಂಥ ಹೊತ್ತಿನಲ್ಲಿ ಎದೆಯನ್ನು ಒತ್ತಿದರೆ ಶ್ವಾಸನಾಳದ ಒತ್ತಡವೂ ಅನ್ನನಾಳದ ಒತ್ತಡವೂ ಒಂದೇ ಅಳತೆಯಲ್ಲಿ ಏರಬೇಕು. ಏರದಿದ್ದರೆ ಬಲೂನು ಹೇಳುವುದು ನಿಜವಲ್ಲ. ಜೋಯೆಲ್ ಮಲಗಿದ್ದವರ ಎದೆಯ ಎರಡು ಬದಿಗೆ ಅಂಗೈಯಿಟ್ಟ. "ಅಮ್ಮ, ಸ್ವಲ್ಪ ಒತ್ತುತ್ತೇನೆ ಆಯ್ತಾ," ಎಂದ. ನಿದ್ದೆಯ ಔಷಧದಲ್ಲಿದ್ದವರಿಗೂ ಅವನು ಹಾಗೆ ಹೇಳಿಯೇ ಮುಟ್ಟುವುದು.

ಶ್ವಾಸನಾಳದ್ದು ಎಂಟು ಏರಿತು. ಅನ್ನನಾಳದ್ದು ನಾಲ್ಕೇ ಏರಿತು.

"ಅರ್ಧ," ಎಂದರು ಅಶ್ವಿತ್. ಅವರ ದನಿ ಬದಲಾಗಿತ್ತು. "ಬಲೂನಲ್ಲಿ ಗಾಳಿ ಸಾಲದು."

"ಹೌದು ಸರ್. ಸುತ್ತಲಿನ ಒತ್ತಡ ಜಾಸ್ತಿ ಇದ್ದಲ್ಲಿ ಇಷ್ಟು ಗಾಳಿಗೆ ಅದು ಚಪ್ಪಟೆಯಾಗ್ತದೆ."

ಅವಳು ಬಲೂನಿನ ಗಾಳಿಯನ್ನೆಲ್ಲ ತೆಗೆದಳು. ಮತ್ತೆ ಚೂರುಚೂರೇ ತುಂಬುತ್ತ, ಪ್ರತಿ ಸಲವೂ ಗೆರೆಯ ಏರಿಳಿತ ಎಷ್ಟು ದೊಡ್ಡದಾಯಿತು ಎಂದು ನೋಡುತ್ತ ಹೋದಳು. ಕಡಿಮೆ ತುಂಬಿದರೆ ಒತ್ತಡ ಕಡಿಮೆ ತೋರಿಸುತ್ತದೆ. ಹೆಚ್ಚು ತುಂಬಿದರೆ ಬಲೂನು ಸುತ್ತಲಿನ ಗೋಡೆಯನ್ನೇ ಹಿಗ್ಗಿಸಿ ತನ್ನದೊಂದು ಒತ್ತಡವನ್ನು ಸೇರಿಸಿಬಿಡುತ್ತದೆ. ನಡುವೆ ಏರಿಳಿತ ಚೆನ್ನಾಗಿ ಕಾಣುವ ಒಂದು ಜಾಗವಿದೆ. ಅದನ್ನು ಹುಡುಕಿ, ಗೋಡೆಯ ಪಾಲನ್ನು ಕಳೆದು, ಶರೊನ್ ಮತ್ತೆ ಓದಿದಳು.

ಇಪ್ಪತ್ತು.

ಉಸಿರು ಹೊರಬಿಟ್ಟಾಗ ಯಂತ್ರ ಶ್ವಾಸಕೋಶದೊಳಗೆ ಉಳಿಸುತ್ತಿದ್ದ ಒತ್ತಡ ಹನ್ನೆರಡು. ಹೊರಗಿನಿಂದ ಒತ್ತುತ್ತಿದ್ದದ್ದು ಇಪ್ಪತ್ತು. ಅಂದರೆ ಪ್ರತಿ ಉಸಿರಿನ ಕೊನೆಯಲ್ಲೂ ಅವರ ಶ್ವಾಸಕೋಶ ಮಡಚಿ ಮುಚ್ಚಿಕೊಳ್ಳುತ್ತಿತ್ತು. ಅದು ಹಿಗ್ಗಿ ಹರಿಯುತ್ತದೆಂದು ಇವರು ಇಷ್ಟು ದಿನ ಹೆದರಿದ್ದರು.

"ಏರಿಸುವಾ?" ಎಂದರು ಅಶ್ವಿತ್.

"ಇನ್ನೊಂದು ಸಲ ನೋಡುವ ಸರ್. ಇದು ನನಗೆ ಬೇಕಾದ ನಂಬರು. ಅದಕ್ಕೇ ಹೆದರಿಕೆ."

ಜೋಯೆಲ್ ಮತ್ತೆ ಹೇಳಿ, ಮತ್ತೆ ಒತ್ತಿದ. ಎಂಟಕ್ಕೆ ಏಳೂವರೆ. ಈಗ ಎರಡೂ ಜೊತೆಯಾಗಿ ಏರುತ್ತಿದ್ದವು.

ಆ ಬೆಳಿಗ್ಗೆಯೆಲ್ಲ ಅವರು ಒತ್ತಡವನ್ನು ಸ್ವಲ್ಪಸ್ವಲ್ಪವೇ ಏರಿಸಿದರು. ಒಂದು ಹಂತದಲ್ಲಿ ರಕ್ತದೊತ್ತಡ ಕುಸಿಯಿತು. ಅಶ್ವಿತ್ ಔಷಧ ಹೆಚ್ಚಿಸಿ, ಕಾದು, ಮತ್ತೆ ಮುಂದಕ್ಕೆ ಹೋದರು. ಪರದೆಯ ಮೇಲೆ ಮೂವತ್ತೆಂಟು ಮೂಡಿದಾಗ ಅವರು ಕೈಕಟ್ಟಿ ನಿಂತು, "ಇದನ್ನು ನೋಡಿಯೂ ಸುಮ್ಮನೆ ನಿಲ್ಲಬೇಕಲ್ಲ ಮಾರಾಯ್ತಿ," ಎಂದು ನಿಟ್ಟುಸಿರಿಟ್ಟರು. ಆದರೆ ಉಸಿರು ತುಂಬಿದಾಗ ಅನ್ನನಾಳದ ಒತ್ತಡವೂ ಇಪ್ಪತ್ತೇಳಕ್ಕೆ ಏರುತ್ತಿತ್ತು; ಅದನ್ನು ಕಳೆದರೆ ಶ್ವಾಸಕೋಶಕ್ಕೆ ಉಳಿಯುತ್ತಿದ್ದದ್ದು ಹನ್ನೊಂದು ಮಾತ್ರ. ಅದು ತಾಳಿಕೊಳ್ಳಬಹುದಾದದ್ದು. ಮಧ್ಯಾಹ್ನದ ಹೊತ್ತಿಗೆ ಆಮ್ಲಜನಕ ಎಂಬತ್ತರ ಮನೆಯಿಂದ ತೊಂಬತ್ತು ದಾಟಿ ನಿಂತಿತು.

ಶರೊನ್ ಕೊಟ್ಟ ಮಾತಿನಂತೆ ಹೊರಗೆ ಹೋಗಿ ಹೇಳಿದಳು. ಮೊದಲು ತಪ್ಪು ಸಂಖ್ಯೆ ಬಂದದ್ದು, ಆಮೇಲೆ ಸರಿಯಾದದ್ದು, ಎರಡನ್ನೂ ಹೇಳಿದಳು. ಚಿತ್ತರಂಜನ ಕೈಮುಗಿದರು. ಸಂಚಿತಾ, "ಹಾಗಾದ್ರೆ ಮೊದಲಿನದ್ದು ನಂಬಿದ್ರೆ?" ಎಂದಳು.

"ಇಳಿಸ್ತಿದ್ದೆವು," ಎಂದಳು ಶರೊನ್.

ಮಾರನೆಯ ದಿನ ಅವಳು ಕ್ಯಾಂಟೀನಿನಲ್ಲಿ ಕೂತು ತಟ್ಟೆಯ ಅನ್ನಕ್ಕೆ ಸಾರು ಕಲಸುತ್ತಿದ್ದಾಗ ಫೋನು ಬಂತು. ಜೋಯೆಲ್. "ಮೇಡಂ, ಬೇಗ ಬನ್ನಿ. ಕುಶಲಮ್ಮನ ಸ್ಯಾಚುರೇಶನ್ ಬಿದ್ದಿದೆ."

ಒಳಗೆ ಹೋದಾಗ ಯಂತ್ರ ಕೂಗುತ್ತಿತ್ತು. ನೋಡಲು ಬಿಡುವ ಹೊತ್ತಾದ್ದರಿಂದ ಸಂಚಿತಾ ಹಾಸಿಗೆಯ ಪಕ್ಕದಲ್ಲೇ ಇದ್ದಳು, ಗೋಡೆಗೆ ಒತ್ತಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು. ರಜೆ ಮುಗಿಸಿ ಅಂದೇ ಬಂದಿದ್ದ ಡಾಕ್ಟರ್ ಮೆಲ್ವಿನ್ ಯಂತ್ರದ ಮುಂದೆ ಬೆವರುತ್ತಿದ್ದ.

"ಮೂವತ್ತೆಂಟು ಕಂಡಿತು ಮೇಡಂ. ಆದ್ರೂ ಸುಮ್ಮನೆ ಇಳಿಸಲಿಲ್ಲ. ಅನ್ನನಾಳದ್ದೂ ನೋಡಿದೆ, ಹನ್ನೆರಡು ಇತ್ತು. ಕಳೆದೆ, ತುಂಬಾ ಹೆಚ್ಚು ಬಂತು. ಅದಕ್ಕೆ ಇಳಿಸಿದೆ."

ಅವನು ಕಳೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಆ ಹನ್ನೆರಡರಲ್ಲಿ. ಶರೊನ್ ಸಿರಿಂಜು ಜೋಡಿಸಿ ಬಲೂನಿನ ಗಾಳಿ ಎಳೆದು ನೋಡಿದಳು. ತುಂಬಿದ್ದಕ್ಕಿಂತ ಎಷ್ಟೋ ಕಡಿಮೆ ಬಂತು. ಹೊತ್ತು ಹೋದಂತೆ ಗಾಳಿ ಸೋರಿತ್ತು. ಅವಳು ಮತ್ತೆ ತುಂಬಿ, ಜೋಯೆಲ್‌ನಿಂದ ಮತ್ತೆ ಒತ್ತಿಸಿ, ಸರಿಯೆಂದು ಖಚಿತಪಡಿಸಿಕೊಂಡು, ಯಂತ್ರವನ್ನು ಹಿಂದಿನ ಮಟ್ಟಕ್ಕೆ ಏರಿಸತೊಡಗಿದಳು. ತೆರೆದಿದ್ದ ಶ್ವಾಸಕೋಶ ಮುಚ್ಚಲು ಸ್ವಲ್ಪ ಹೊತ್ತು ಸಾಕಾಗಿತ್ತು. ಮತ್ತೆ ತೆರೆಯಲು ಸಂಜೆಯವರೆಗೂ ಹಿಡಿಯಿತು.

"ಸಾರಿ ಮೇಡಂ," ಎಂದ ಮೆಲ್ವಿನ್. ಅವನ ಮುಖ ಬಿಳಿಚಿಕೊಂಡಿತ್ತು.

"ಓದುವ ಮೊದಲು ಗಾಳಿ ತೆಗೆದು ಹೊಸದಾಗಿ ತುಂಬಬೇಕು, ಒತ್ತಿ ನೋಡಬೇಕು ಅಂತ ನಿನಗೆ ಹೇಳಿ ನಾನು ಊಟಕ್ಕೆ ಹೋಗಬೇಕಿತ್ತು. ಈಗ ಬಾ, ನೀನೇ ಒಮ್ಮೆ ಮಾಡು. ನಾನು ನೋಡ್ತೇನೆ."

ಅವನು ಮಾಡಿದ. ಗಾಳಿ ತೆಗೆದು, ಹೊಸದಾಗಿ ತುಂಬಿ, ಒತ್ತಿಸಿ, ಸಂಖ್ಯೆ ಓದಿದ.

ಹೊರಗೆ ಸಂಚಿತಾ ಕಾಯುತ್ತಿದ್ದಳು. "ಯಾರು ಮುಟ್ಟಿದ್ದು? ನಿನ್ನೆ ಸರಿ ಆಗಿತ್ತಲ್ಲ! ಅಮ್ಮನ ತುಟಿ ನೀಲಿ ಆಗುವುದನ್ನು ನಾನು ನೋಡಿದೆ."

ಸುತ್ತುಬಳಸಿ ಹೇಳಲು ಶರೊನ್‌ಗೆ ಮನಸ್ಸು ಬರಲಿಲ್ಲ. ಬಲೂನಿನ ಗಾಳಿ ಸೋರಿದ್ದು, ತಪ್ಪು ಸಂಖ್ಯೆ ನೋಡಿ ಒತ್ತಡ ಇಳಿಸಿದ್ದು, ತಾನು ಬದಲಿಗೆ ಬಂದವರಿಗೆ ಹೇಳದೆ ಹೋದದ್ದು, ಎಲ್ಲವನ್ನೂ ಹೇಳಿದಳು. ಸಂಚಿತಾ ಅತ್ತಳು, ಬೈದಳು. ತನ್ನ ತಾಯಿಯನ್ನು ಯಾರೂ ಸರಿಯಾಗಿ ನೋಡುವುದೇ ಇಲ್ಲ ಎಂದಳು. ಕೊನೆಗೆ ಸಂಚಿತಾ ಕಣ್ಣೊರೆಸಿಕೊಂಡು, "ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ಶರೊನ್‌ಗೆ ತಿಳಿಯಲಿಲ್ಲ. ಆದರೆ ಅಂದಿನಿಂದ ಸಂಚಿತಾ ದಿನವೂ, "ಇವತ್ತು ಒತ್ತಿ ನೋಡಿದ್ರಾ?" ಎಂದು ಕೇಳುತ್ತಿದ್ದಳು. ಹೌದೆಂದರೆ ಹೋಗಿ ತಂದೆಗೆ ಹೇಳುತ್ತಿದ್ದಳು.

ಗುಣವಾಗುವುದು ನಿಧಾನವಾಗಿ ನಡೆಯಿತು. ಎಕ್ಸ್‌ರೇಯ ಬಿಳುಪು ಅಂಚಿನಿಂದ ಕರಗುತ್ತ ಬಂತು. ಒತ್ತಡ ಇಳಿಸುವಾಗಲೂ ಪ್ರತಿ ಸಲ ಅಳೆದೇ ಇಳಿಸಿದರು. ಮೆಲ್ವಿನ್ ತನ್ನ ಪಾಳಿಯಲ್ಲಿ ಬಲೂನನ್ನು ತಾನೇ ತುಂಬಿ, ತಾನೇ ಪರೀಕ್ಷಿಸುತ್ತಿದ್ದ. ನಿದ್ದೆಯ ಔಷಧ ನಿಂತಿತು, ಕುಶಲಾ ಕಣ್ಣು ತೆರೆದರು. ಅನ್ನನಾಳದ ನಳಿಕೆ ಹೊರಬಂತು. ಆಮೇಲೆ ಒಂದು ಬೆಳಿಗ್ಗೆ ಗಂಟಲಿನದ್ದೂ ಹೊರಬಂತು. ಕೆಮ್ಮಿ, ಉಗುಳಿ, ಗೊಗ್ಗರು ದನಿಯಲ್ಲಿ ಅವರು ನೀರು ಬೇಕೆಂದು ತುಳುವಿನಲ್ಲಿ ಹೇಳಿದ ಮೊದಲ ಮಾತು, "ನೀರ್ ಬೋಡು."

ಜೋಯೆಲ್ ಹತ್ತಿಯನ್ನು ನೀರಿನಲ್ಲಿ ಅದ್ದಿ ಅವರ ತುಟಿಗೆ ಒತ್ತಿದ. "ಸ್ವಲ್ಪ ಹೊತ್ತು ಇಷ್ಟೇ ಅಮ್ಮ, ಆಮೇಲೆ ಕುಡೀಬಹುದು."

ಮಾತು ಸರಿಯಾಗಿ ಹೊರಡತೊಡಗಿದ ಮೇಲೆ ಕುಶಲಾ ಒಂದು ಮಧ್ಯಾಹ್ನ ಶರೊನ್‌ಳನ್ನು ಹತ್ತಿರ ಕರೆದರು. ವಾರ್ಡಿಗೆ ಕಳಿಸಲು ಏರ್ಪಾಡು ನಡೆಯುತ್ತಿತ್ತು.

"ಡಾಕ್ಟ್ರೇ, ಒಂದು ಕೇಳಲಿಕ್ಕುಂಟು. ಬಂದ ದಿನ ಕೆಳಗೆ ಯಾರೋ, ಇವರನ್ನು ಎತ್ತಲಿಕ್ಕೆ ಕ್ರೇನ್ ಬೇಕು ಅಂತ ಹೇಳಿ ನಗಾಡಿದ್ರು. ನನಗೆ ಕೇಳಿತು. ಮತ್ತೆ ನಿದ್ದೆ ಬಂತು. ಇಷ್ಟು ದಿನ ನಿದ್ದೆಯಲ್ಲಿ ಅದೇ ಮಾತು ಕೇಳ್ತಾ ಇತ್ತು. ನಿಜ ಹೇಳಿ, ನನ್ನ ಮೈಯಿಂದಲೇ ಆದದ್ದಾ ಇದೆಲ್ಲ?"

ಶರೊನ್ ಹಾಸಿಗೆಯ ಅಂಚಿನಲ್ಲಿ ಕೂತಳು. ಕುಶಲಾ ಅವರ ಕೈ ಇನ್ನೂ ಊದಿಕೊಂಡಿತ್ತು. ಅದನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಹಾಗೆ ನಗಾಡಿದ್ದು ತಪ್ಪು ಕುಶಲಕ್ಕ. ಯಾರು ಅಂತ ನಾನು ವಿಚಾರಿಸ್ತೇನೆ. ನಿಮಗೆ ಕಾಯಿಲೆ ಬಂದದ್ದು ಫ್ಲೂವಿನಿಂದ. ಸಪೂರ ಇದ್ದವರಿಗೂ ಬಂದಿದೆ, ಈ ಮಳೆಗಾಲದಲ್ಲಿ ಇದೇ ಹಾಸಿಗೆಯಲ್ಲಿ ಮಲಗಿದ್ರು. ತೂಕದಿಂದ ಚಿಕಿತ್ಸೆ ಕಷ್ಟ ಆಯ್ತು, ಅದು ಸುಳ್ಳಲ್ಲ. ನಿಮ್ಮ ಶ್ವಾಸಕೋಶಕ್ಕೆ ಬೇರೆಯವರಿಗಿಂತ ಜಾಸ್ತಿ ಗಾಳಿಯ ಬಲ ಬೇಕಿತ್ತು. ಎಷ್ಟು ಅಂತ ಅಳೆದು ಕೊಡುವುದು ನಮ್ಮ ಕೆಲಸ. ಮೊದಲ ದಿನಗಳಲ್ಲಿ ನಾವು ಎಲ್ಲರಿಗೂ ಕೊಡುವ ಹಾಗೆಯೇ ಕೊಟ್ಟೆವು. ನಿಮಗೆ ಅದು ಸಾಲಲಿಲ್ಲ."

ಕುಶಲಾ ಚಾವಣಿಯ ಕಡೆ ಕಣ್ಣು ತಿರುಗಿಸಿದರು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಒರೆಸಿಕೊಳ್ಳಲಿಲ್ಲ.

"ಅವರು ಹೊರಗೆ ಉಂಟಾ?" ಎಂದರು. ಗಂಡನ ವಿಷಯ.

"ಉಂಟು. ದಿನಾ ಉಂಟು. ಹೋಟೆಲು ಬಾಗಿಲು ಹಾಕಿ ಕೂತಿದ್ದಾರೆ."

"ಬಾಗಿಲು ಹಾಕಿದ್ದಾರಾ? ಒಳಗೆ ಬರಲಿಕ್ಕೆ ಹೇಳಿ, ನಾನು ಬೈಯ್ಯಬೇಕು."

ಚಿತ್ತರಂಜನ ಬಂದರು. ಬೈಗುಳ ಕೇಳಲು ತಲೆ ಬಗ್ಗಿಸಿ ನಿಂತರು. ಆದರೆ ಕುಶಲಾ ಬೈಯಲಿಲ್ಲ. ಗಂಡನ ಗಡ್ಡ ಬೆಳೆದದ್ದನ್ನು, ಅಂಗಿ ಸಡಿಲವಾದದ್ದನ್ನು ನೋಡಿದರು. ಅವರು ಹೆಂಡತಿಯ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಶರೊನ್ ಪರದೆ ಎಳೆದು ಆಚೆಗೆ ಬಂದಳು.

ಮನೆಗೆ ಹೋದ ಮೇಲೆ ಕುಶಲಾ ಹೊರರೋಗಿ ವಿಭಾಗಕ್ಕೆ ತೋರಿಸಿಕೊಳ್ಳಲು ಬಂದರು. ಗೋಡೆ ಹಿಡಿಯದೆ, ಮಗಳ ತೋಳು ಹಿಡಿದು ನಡೆದು ಬಂದರು. ಬಾಗಿಲ ಬಳಿ ಸಂಕೋಚದಿಂದ ನಿಲ್ಲದೆ, ಕುರ್ಚಿ ಎಳೆದು ಕೂತು, ಶರೊನ್ ಕೇಳುವ ಮೊದಲೇ ಹೇಳಿದರು: "ತೂಕದ ವಿಷಯ ಮಾತಾಡುವ, ಡಾಕ್ಟ್ರೇ, ನನಗೂ ಮಾತಾಡಲಿಕ್ಕುಂಟು. ಆದ್ರೆ ಅದು ಆಮೇಲೆ. ಮೊದಲು ಕೆಮ್ಮು ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಬರ್ತದೆ, ಎಡಬದಿಯಲ್ಲಿ ಸ್ವಲ್ಪ ಚುಚ್ಚಿದ ಹಾಗೆ ಆಗ್ತದೆ."

ಶರೊನ್ ಪೆನ್ನು ಕೆಳಗಿಟ್ಟಳು. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಅವರ ಬೆನ್ನಿನ ಎಡಬದಿಯ ಕೆಳಗೆ ಇಟ್ಟಳು.

"ದೀರ್ಘ ಉಸಿರು ತೆಗೆಯಿರಿ ಕುಶಲಕ್ಕ. ಅವಸರ ಇಲ್ಲ."